ಕನ್ನಡಕ್ಕಾಗಿ ಏಳನ್ನು ಒತ್ತಿ

ಇಂಟರ್‌ನೆಟ್ ಕಂಪನಿಯ ಕಸ್ಟಮರ್ ಕೇರಿಗೆ ಫೋನು ಹಚ್ಚಿಕೊಂಡು ಫಾಸ್ಟ್ ಲೋಕಲ್ ಹತ್ತಬಾರದು ಎಂಬ ಬುದ್ಧಿ ನನಗೆ ಬಂದದ್ದು ಥಾಣೆ ದಾಟಿದ ಮೇಲೆ ಸಿಗುವ ಸುರಂಗದಲ್ಲಿ. ಆಗ ನಾನು ಥಾಣೆಯ ಕೋಪರಿಯಲ್ಲಿ ಒಬ್ಬ ಔಷಧಿ ವಿತರಕರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಮನೆ ಡೊಂಬಿವಲಿ ಪೂರ್ವದಲ್ಲಿ. ಸಂಜೆ ಆಫೀಸಿನ ಮೆಟ್ಟಿಲಿಳಿಯುವಾಗಲೇ ಫೋನು ಹಚ್ಚಿ, ಅದರೊಳಗಿನ ಕಾಯಿಸುವ ಹಾಡನ್ನು ಕೇಳುತ್ತಾ ಸ್ಟೇಷನ್ನಿಗೆ ನಡೆದು, ಲೇಡೀಸ್ ಡಬ್ಬಿಯಲ್ಲಿ ಕಾಲೂರುವಷ್ಟು ಜಾಗ ಮಾಡಿಕೊಂಡು ನಿಲ್ಲುತ್ತಿದ್ದೆ. ಹಾಡು ನಿಂತು, ಆ ಕಡೆಯಿಂದ ನಿಜವಾದ ಮನುಷ್ಯನ ದನಿ "ನಮಸ್ಕಾರ್, ಮೈ ಆಪ್‌ಕೀ" ಎನ್ನುವ ಹೊತ್ತಿಗೆ ಸರಿಯಾಗಿ ಗಾಡಿ ಸುರಂಗಕ್ಕೆ ನುಗ್ಗುತ್ತಿತ್ತು. ಆಚೆ ಬಂದಾಗ ಫೋನು ಸತ್ತಿರುತ್ತಿತ್ತು.

ಹೀಗೆ ಕೆಲವು ಸಂಜೆ ಕಳೆದ ಮೇಲೆ, ಅದೇ ಡಬ್ಬಿಯಲ್ಲಿ ಕೂತು ದಿನವೂ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಒಬ್ಬ ಹೆಂಗಸು ತಲೆಯೆತ್ತಿ, "ಸ್ಲೋ ಗಾಡಿ ಪಕಡೋ. ವೋ ಬೋಗ್ದೇ ಮೇ ನಹೀ ಜಾತೀ," ಎಂದರು. ಬೋಗ್ದಾ ಎಂದರೆ ಸುರಂಗ. ಸ್ಲೋ ಗಾಡಿ ಅದನ್ನು ಬಿಟ್ಟು ಖಾಡಿಯ ಹಿನ್ನೀರಿನ ಬದಿಯಿಂದ ಸುತ್ತಿಕೊಂಡು ಹೋಗುತ್ತದೆ. ಇಷ್ಟು ವರ್ಷ ಓಡಾಡಿದ ನನಗೆ ಇದು ಹೊಳೆದಿರಲಿಲ್ಲ. ಮರುದಿನ ಸ್ಲೋ ಗಾಡಿ ಹಿಡಿದೆ. ಮುಂಬ್ರಾದ ಹತ್ತಿರ ನೀರು ಕಾಣುವಾಗ ಒಬ್ಬಾತ ಫೋನೆತ್ತಿದ. ನನಗಾದ ಸಂತೋಷಕ್ಕೆ ಮೊದಲು ಅವನ ಕ್ಷೇಮ ವಿಚಾರಿಸಿದೆ. ಅವನು ಗಂಭೀರವಾಗಿ ಹಿಂದಿಯಲ್ಲಿ, "ಮೇಡಂ, ಮೋಡೆಮ್‌ನ ಮೇಲಿನ ಲೈಟು ಯಾವ ಬಣ್ಣದಲ್ಲಿದೆ?" ಎಂದು ಕೇಳಿದ. ಮೋಡೆಮ್ಮು ಡೊಂಬಿವಲಿಯಲ್ಲಿತ್ತು, ನಾನು ಮುಂಬ್ರಾದಲ್ಲಿದ್ದೆ.

"ಮನೆಗೆ ಹೋಗಿ ನೋಡಿ ಮತ್ತೆ ಕಾಲ್ ಮಾಡಿ ಮೇಡಂ," ಎಂದು ಅವನು ಫೋನಿಟ್ಟ. ಸುತ್ತ ನಿಂತವರೆಲ್ಲ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ದಿವಾ ಸ್ಟೇಷನ್ ಬರುವವರೆಗೂ ನಗುತ್ತಲೇ ಇದ್ದೆ.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು ಇದು. ಅದಕ್ಕೆ ಮೊದಲು ನಮ್ಮ ಬಿಲ್ಡಿಂಗಿನಲ್ಲಿದ್ದದ್ದು ಗಲ್ಲಿಯ ಕೇಬಲಿನವನ ಇಂಟರ್‌ನೆಟ್ಟು. ಅವನ ತಂತಿ ಒಂದು ಟೆರೇಸಿನಿಂದ ಇನ್ನೊಂದಕ್ಕೆ ಹಾರಿ, ಅಲ್ಲಿಂದ ಗುಲ್‌ಮೊಹರ್ ಮರದ ಕೊಂಬೆಯ ಮೇಲೆ ಒರಗಿಕೊಂಡು ನಮ್ಮ ಕಿಟಕಿಯೊಳಗೆ ಬರುತ್ತಿತ್ತು. ಆ ಕೊಂಬೆಯ ಮೇಲೆ ದಪ್ಪದೊಂದು ಕಾಗೆ ಕೂತರೂ ನೆಟ್ಟು ಹೋಗುತ್ತಿತ್ತು. ಫೋನು ಮಾಡಿದರೆ "ಆತ್ತಾ ಯೇತೋ," ಈಗ ಬಂದೆ, ಎನ್ನುತ್ತಿದ್ದ. ಅವನ ಆ ‘ಈಗ’ ಯಾವ ವಾರಕ್ಕೆ ಸೇರಿದ್ದು ಎಂದು ಕೇಳುವಂತಿರಲಿಲ್ಲ.

ಹಾಗಿರುವಾಗ ಒಂದು ಭಾನುವಾರ ದೊಡ್ಡ ಕಂಪನಿಯೊಂದು ನಮ್ಮ ಕಂಪೌಂಡಿನಲ್ಲಿ ಬಣ್ಣದ ಛತ್ರಿ ಊರಿ ಮೇಜು ಹಾಕಿತು. ಮೋಡೆಮ್ಮು ಪುಕ್ಕಟೆ, ಒಂದು ವರ್ಷದ ಕರಾರು. ನನ್ನ ಗಂಡ ಅಂಬರನಾಥದಲ್ಲಿ ಅಣ್ಣನ ಜೊತೆ ವೆಜಿಟೇರಿಯನ್ ಹೋಟೆಲು ನಡೆಸುವವರು. ಬಿಸಿಲಿನಲ್ಲಿ ನಿಂತು ಮಾರುವವರನ್ನು ಕಂಡರೆ ಇವರ ಮನಸ್ಸು ಕರಗುತ್ತದೆ. ಕೆಳಗಿಳಿದು ಹೋದವರು ಆ ಹುಡುಗರಿಗೆ ಮನೆಯಿಂದ ಚಹಾ ತರಿಸಿಕೊಟ್ಟು, ತಾವು ಮೊದಲು ಸಹಿ ಹಾಕಿ, ನೋಡುತ್ತಾ ನಿಂತಿದ್ದ ಇಡೀ ಬಿಲ್ಡಿಂಗಿನ ಸಹಿ ಹಾಕಿಸಿದರು.

ಮೊದಲ ವಾರ ಹಬ್ಬ. ನನ್ನ ನಾದಿನಿ ಮಸ್ಕತ್ತಿನಲ್ಲಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಅವಳ ಮುಖ ಮೂಡಿ, ತುಟಿಗೂ ಮಾತಿಗೂ ತಾಳ ಕೂಡಿದಾಗ ನನ್ನ ಅತ್ತೆ ಕುರ್ಚಿಯಿಂದ ಎದ್ದು ನಿಂತರು. ಹೊಯ್ದಿದ್ದ ನೀರುದೋಸೆಯನ್ನು ತಟ್ಟೆಸಮೇತ ಕ್ಯಾಮರಾದ ಎದುರು ಹಿಡಿದು, ಅದರ ತೂತುಗಳು ಸರಿಯಾಗಿ ಕಾಣುತ್ತವೆಯೇ ಎಂದು ಕೇಳಿದರು. ಎರಡನೇ ವಾರ ನಾದಿನಿಯ ಮುಖ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಟ್ಟಿತು. ಮೂರನೇ ವಾರ ಅದೂ ಇಲ್ಲ.

ಇಡೀ ಬಿಲ್ಡಿಂಗು ಫೋನಿಗೆ ಬಿತ್ತು. ಕಂಪನಿಯ ಕಾಯಿಸುವ ಹಾಡು ಎಲ್ಲರ ಬಾಯಿಗೂ ಬಂತು. ವಾಚ್‌ಮನ್ ಗೇಟು ತೆರೆಯುವಾಗ ಅದನ್ನೇ ಶಿಳ್ಳೆ ಹಾಕುತ್ತಿದ್ದ. ಎಂಟನೇ ತರಗತಿಯಲ್ಲಿದ್ದ ನನ್ನ ಮಗಳು ಅದಕ್ಕೆ ಹೆಜ್ಜೆ ಕಟ್ಟಿ ಕುಣಿಯುತ್ತಿದ್ದಳು. ಮುಂಬ್ರಾದಲ್ಲಿ ನನಗೆ ಸಿಕ್ಕವನೊಬ್ಬನನ್ನು ಬಿಟ್ಟರೆ ಯಾರಿಗೂ ಮನುಷ್ಯರು ಮಾತ್ರ ಸಿಗುತ್ತಿರಲಿಲ್ಲ.

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ನನ್ನ ತವರು ಕುಂದಾಪುರದ ಕಡೆ, ಕನ್ನಡದ ಮನೆ. ಗಂಡನ ಮನೆಯವರು ಉಡುಪಿಯವರು, ಮನೆಮಾತು ತುಳು. ಅತ್ತೆ ನನ್ನೊಡನೆ ಕನ್ನಡ, ಮಗನೊಡನೆ ತುಳು ಆಡುತ್ತಾರೆ. ಮೊಮ್ಮಗಳು ಎರಡನ್ನೂ ಕೇಳಿಸಿಕೊಂಡು ಇಬ್ಬರಿಗೂ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮಾವನವರ ಕಾಲದಲ್ಲಿ ಅತ್ತೆ ಮಧ್ಯಾಹ್ನದ ಹೊತ್ತು ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಿದ್ದವರು. ಸಿಟ್ಟಿನಲ್ಲಿ ಬಂದ ಗಿರಾಕಿಯನ್ನು ನಗಿಸಿ ಕಳಿಸುವುದು ಅವರಿಗೆ ನೀರು ಕುಡಿದ ಹಾಗೆ. ಅವರ ಹಿಂದಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ರೈಲು ಬರುತ್ತಾನೆ, ಮಗ ಹೋಗುತ್ತಾಳೆ. ಡೊಂಬಿವಲಿಯಲ್ಲಿ ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ದಿನ ನಾವೆಲ್ಲ ಹೊರಗೆ ಹೋಗಿದ್ದಾಗ ಅತ್ತೆ ತಾವೇ ಫೋನು ತೆಗೆದುಕೊಂಡರು. ನಾವು ಹಿಂದಿಯ ಗುಂಡಿ ಒತ್ತಿ ಅವಸರದಲ್ಲಿ ಮುಂದೆ ಹೋಗುತ್ತಿದ್ದವರು. ಅತ್ತೆಗೆ ಅವಸರವಿರಲಿಲ್ಲ. ಆ ದನಿ ಹೇಳುವುದನ್ನೆಲ್ಲ ಕೊನೆಯವರೆಗೆ ಕೇಳಿದರು. ಹಿಂದಿ, ಇಂಗ್ಲಿಷ್, ಮರಾಠಿ, ಗುಜರಾತಿ ಎಲ್ಲ ಮುಗಿದ ಮೇಲೆ, ಯಾರೂ ಕೇಳದ ಮೂಲೆಯಲ್ಲಿ, "ಕನ್ನಡಕ್ಕಾಗಿ ಏಳನ್ನು ಒತ್ತಿ" ಎಂದು ಬಂತಂತೆ. ಅತ್ತೆ ಏಳನ್ನು ಒತ್ತಿದರು. ಹಾಡು ಶುರುವಾಗಲೇ ಇಲ್ಲ.

"ನಮಸ್ಕಾರ, ಕರೆ ಮಾಡಿದ್ದಕ್ಕೆ ಧನ್ಯವಾದಗಳು. ನಾನು ನಿಮಗೆ ಯಾವ ರೀತಿಯಲ್ಲಿ ಸಹಾಯ ಮಾಡಬಹುದು?" ಎಂದಿತು ಒಂದು ಹೆಣ್ಣುದನಿ, ಪಾಠ ಒಪ್ಪಿಸಿದಂತೆ.

"ಇಂಟರ್‌ನೆಟ್ ಹೋದದ್ದು ಬರಲೇ ಇಲ್ಲ ಮಗಳೇ," ಎಂದರು ಅತ್ತೆ. "ನೀನು ಊಟ ಮಾಡಿದೆಯಾ? ಮಧ್ಯಾಹ್ನ ಆಯಿತಲ್ಲ."

ಅಷ್ಟಕ್ಕೇ ಆ ಕಡೆಯ ಪಾಠದ ಕನ್ನಡ ಬಿಟ್ಟುಹೋಯಿತಂತೆ.

"ಇನ್ನೂ ಇಲ್ರೀ ಅಮ್ಮಾ. ಎಲ್ಲಿಂದ ಮಾತಾಡಾಕತ್ತೀರಿ?"

"ಡೊಂಬಿವಲಿ."

"ಅದು ಎಲ್ಲಿ ಬರ್ತೈತ್ರೀ?"

"ಕಲ್ಯಾಣ್ ಉಂಟಲ್ಲ, ಅದರ ಈಚೆ."

"ಬಸವಕಲ್ಯಾಣ ಏನ್ರೀ?"

ಬಸವಕಲ್ಯಾಣ ಅಲ್ಲ, ಬೊಂಬಾಯಿಯ ಕಲ್ಯಾಣ್ ಎಂದು ತಿಳಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿ ಹುಬ್ಬಳ್ಳಿಯವಳು, ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಮಹಾರಾಷ್ಟ್ರದಿಂದ ಕನ್ನಡದ ಲೈನಿಗೆ ಯಾರೂ ಬರುವುದೇ ಇಲ್ಲವಂತೆ. ಆಮೇಲೆ ಮೋಡೆಮ್ಮಿನ ಮಾತು ಬಂತು.

"ಅಮ್ಮಾ, ಆ ಡಬ್ಬಿ ಮ್ಯಾಲಿನ ಲೈಟ್ ಯಾವ ಬಣ್ಣದಾಗ ಐತಿ ನೋಡ್ರೀ."

"ಕೆಂಪು ಉಂಟು. ಆದರೆ ಕುಂಕುಮದ ಕೆಂಪಲ್ಲ. ಅಬ್ಬಲಿಗೆ ಹೂ ಉಂಟಲ್ಲ, ಆ ಬಣ್ಣ."

"ಗೊತ್ತಾತ್ರೀ. ಹಂಗಂದ್ರ ತ್ರಾಸ ಲೈನಿನಾಗ ಐತಿ. ನಾಳೆ ಮುಂಜಾನೆ ಮನಷ್ಯಾನ್ನ ಕಳಸ್ತೀವ್ರೀ."

ಮರುದಿನ ಬೆಳಿಗ್ಗೆ ನಾನು ಟಿಫಿನ್ ಡಬ್ಬಿ ಕಟ್ಟುತ್ತಿರುವಾಗ ಲೈನ್‌ಮನ್ ಬಾಗಿಲಲ್ಲಿ ನಿಂತಿದ್ದ. ದೂರು ಕೊಟ್ಟ ಮರುದಿನವೇ ನನ್ನನ್ನು ಕಳಿಸಿದ್ದು ಇದೇ ಮೊದಲು, ನಿಮ್ಮವರು ಯಾರಾದರೂ ದೊಡ್ಡ ಸಾಹೇಬರಿದ್ದಾರೆಯೇ, ಎಂದು ಮರಾಠಿಯಲ್ಲಿ ಕೇಳಿದ. ಅತ್ತೆ ಅವನಿಗೆ ದೋಸೆ ಕೊಟ್ಟರು. ನೆಟ್ಟು ಬಂತು. ಮಸ್ಕತ್ತಿನ ನಾದಿನಿ ಬಾಯಿ ಮುಚ್ಚಿದಳು.

ಸುದ್ದಿ ಹರಡುವುದಕ್ಕೆ ಒಂದು ಲಿಫ್ಟು ಸಾಕು. ಎರಡು ದಿನ ಬಿಟ್ಟು ನಾನು ಕೆಲಸದಿಂದ ಬಂದಾಗ ನಮ್ಮ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಇತ್ತು. ಯಾರಿಗೋ ಏನೋ ಆಯಿತು ಎಂದು ಚಪ್ಪಲಿಯನ್ನೂ ಕಳಚದೆ ನುಗ್ಗಿದೆ. ಒಳಗೆ ಅತ್ತೆ ಸೋಫಾದ ನಡುವೆ ಕೂತಿದ್ದರು, ಕಿವಿಗೆ ಫೋನು. ಪಕ್ಕದಲ್ಲಿ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ವ್ಯಾಪಾರ ಮಾಡುವ ನಾಲ್ಕನೇ ಮಹಡಿಯ ಗುಜರಾತಿ ಭಾಯಿ ಕೈಕಟ್ಟಿ ನಿಂತಿದ್ದರು. ಅವರ ಹಿಂದೆ ನಾವೆಲ್ಲ ಕಾಕು ಎಂದು ಕರೆಯುವ ಮೂರನೇ ಮಹಡಿಯ ಮರಾಠಿ ಹೆಂಗಸು, ಅವರ ಹಿಂದೆ ಇನ್ನೂ ಯಾರ್ಯಾರೋ, ಎಲ್ಲರ ಕೈಯಲ್ಲೂ ಬಿಲ್ಲು.

"ಈಗ ಮಾತಾಡುವುದು ಭಾಯಿಯದ್ದು," ಎಂದು ಅತ್ತೆ ಹುಬ್ಬಳ್ಳಿಗೆ ಹೇಳುತ್ತಿದ್ದರು. "ಅವರದ್ದು ಲೈಟು ಹಸಿರೇ ಉಂಟು, ಆದರೆ ನೆಟ್ಟಿಲ್ಲ. ಹೊರಗಿನಿಂದ ನೋಡಿದರೆ ಆರೋಗ್ಯ, ಒಳಗೆ ಜ್ವರ."

ನಾನು ಮೊದಲ ದಿನ ಕಸಿವಿಸಿಪಟ್ಟೆ. ದಿನವಿಡೀ ದುಡಿದು ಬಂದರೆ ಕೂರಲು ಜಾಗವಿಲ್ಲ, ಅಡುಗೆಮನೆಯಲ್ಲಿ ಪರರು ನೀರು ಕುಡಿಯುತ್ತಿದ್ದಾರೆ. ವಾರದೊಳಗೆ ನನಗೂ ಹುಚ್ಚು ಹಿಡಿಯಿತು. ಸಂಜೆ ಯಾವಾಗ ಆಗುತ್ತದೆ, ಯಾರ ದೂರು ಏನಾಯಿತು, ಎಂದು ಕೋಪರಿಯಲ್ಲಿ ಕೂತೇ ಚಡಪಡಿಸುತ್ತಿದ್ದೆ. ಅತ್ತೆ ದೂರುಗಳನ್ನು ಮರಾಠಿಯಲ್ಲಿ ಕೇಳಿ, ತುಳುವಿನಲ್ಲಿ ಗೊಣಗಿ, ಕನ್ನಡದಲ್ಲಿ ಒಪ್ಪಿಸುತ್ತಿದ್ದರು. ಹುಬ್ಬಳ್ಳಿಯ ಹುಡುಗಿ ಬೇರೆ ಕರೆಯಲ್ಲಿದ್ದರೆ ಅವಳ ಪಕ್ಕದವಳು ಎತ್ತಿ, "ಡೊಂಬಿವಲಿ ಅಮ್ಮಾರೇನ್ರೀ?" ಎನ್ನುತ್ತಿದ್ದಳು.

ಒಂದು ಸಂಜೆ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ನೆಟ್ಟು ಹೋಯಿತು. ಮಗಳಿಗೆ ಮರುದಿನ ಶಾಲೆಯ ಪ್ರಾಜೆಕ್ಟು ಕೊಡಬೇಕಿತ್ತು. ನಾನು ಅಡುಗೆಮನೆಯಿಂದ ಹೊರಬರುವಾಗ ಅವಳು ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು: "ಅಜ್ಜಿ ಸ್ನಾನ ಮಾಡ್ತಿದ್ದಾರೆ. ನಾನು ಮೊಮ್ಮಗಳು. ಲೈಟ್ ಅಬ್ಬಲಿಗೆ ಉಂಟು." ಹುಟ್ಟಿದಂದಿನಿಂದ ನಮ್ಮ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಟ್ಟವಳು. ನಾನು ಸದ್ದು ಮಾಡದೆ ಹಿಂದೆ ಸರಿದು, ಒಗ್ಗರಣೆ ಸೀದುಹೋದರೂ ಅಲ್ಲೇ ನಿಂತು ಕೇಳಿದೆ.

ಕಾಕು ಈ ಕೂಟಕ್ಕೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಅವರ ಯಜಮಾನರು, ಎಂದರೆ ಕಾಕಾ, ರೈಲ್ವೆಯಲ್ಲಿ ಮೋಟರ್‌ಮನ್ ಆಗಿದ್ದು ನಿವೃತ್ತರಾದವರು. ಕೆಲಸದಲ್ಲಿದ್ದಾಗ ಒಬ್ಬರೇ ಕೂತು ಗಾಡಿ ಓಡಿಸಿ ಅಭ್ಯಾಸವಾಗಿಯೋ ಏನೋ, ಮಾತಾಡುತ್ತಲೇ ಇರಲಿಲ್ಲ. ಮನೆಯಲ್ಲಿ ಆಡದೆ ಉಳಿದ ಮಾತನ್ನೆಲ್ಲ ಕಾಕು ನಮ್ಮ ಮನೆಗೆ ತರುತ್ತಿದ್ದರು. ತಮ್ಮ ನೆಟ್ಟು ಸರಿಯಿದ್ದ ದಿನವೂ ಬಂದು, ಅತ್ತೆ ಫೋನಿನಲ್ಲಿ ಆಡುವುದನ್ನೂ, ಫೋನಿನ ದನಿ ಹೊರಗೆ ಬಿಟ್ಟಾಗ ಹುಬ್ಬಳ್ಳಿಯ ಹುಡುಗಿ ಆಡುವುದನ್ನೂ ಬಾಯಿಬಿಟ್ಟು ಕೇಳುತ್ತಿದ್ದರು. ಅತ್ತೆ "ಹೌದು ಹೌದು" ಎಂದಾಗಲೆಲ್ಲ ಕೆಲಸವಾಗುತ್ತದೆ ಎಂಬುದನ್ನು ಗಮನಿಸಿದ್ದರು. "ನೆಟ್ ಬರ್ತಾ ಇಲ್ಲ" ಎಂಬುದನ್ನೂ ಬಾಯಿಪಾಠ ಮಾಡಿದ್ದರು.

ಅದೇ ಮುಳುವಾಯಿತು. ಅತ್ತೆ ಯಾರದ್ದೋ ಸತ್ಯನಾರಾಯಣ ಪೂಜೆಗೆ ಕಲ್ಯಾಣ್‌ಗೆ ಹೋಗಿದ್ದ ದಿನ ಕಾಕುವಿನ ನೆಟ್ಟು ಹೋಯಿತು. ಅವರು ಧೈರ್ಯ ಮಾಡಿ ತಾವೇ ಏಳನ್ನು ಒತ್ತಿದರು. ಎತ್ತಿದವಳು ಹುಬ್ಬಳ್ಳಿಯವಳಲ್ಲ, ಯಾರೋ ಹೊಸಬಳು. ಕಾಕು ತಮ್ಮ ವಾಕ್ಯ ಹೇಳಿದರು. ಆಮೇಲೆ ಅವಳು ಕೇಳಿದ್ದಕ್ಕೆಲ್ಲ "ಹೌದು" ಎಂದರು. ಅವಳು ಇನ್ನೂ ಉತ್ಸಾಹದಿಂದ ಏನೇನೋ ಕೇಳಿದಳು. ಇವರು ಇನ್ನೂ ಉತ್ಸಾಹದಿಂದ "ಹೌದು ಹೌದು" ಎಂದರು. ಇಬ್ಬರೂ ಬಹಳ ತೃಪ್ತಿಯಿಂದ ಫೋನಿಟ್ಟರು.

ಸಂಜೆ ಕಾಕುವಿನ ಮೊಬೈಲಿಗೆ ಸಂದೇಶ ಬಂತು. ಅಭಿನಂದನೆಗಳು, ನಿಮ್ಮ ಹಳೆಯ ಪ್ಲಾನು ಬದಲಾಗಿದೆ, ಹೊಸ ಕರಾರು ಎರಡು ವರ್ಷದ್ದು, ನಡುವೆ ಬಿಟ್ಟರೆ ದಂಡ. ಜೊತೆಗೆ ನೀವು ಆರಿಸಿದ ‘ಚಿಣ್ಣರ ಕನ್ನಡ’ ಪಾಠಗಳ ಪ್ಯಾಕೇಜು ಇಂದಿನಿಂದ ಆರಂಭ.

ಕಾಕು ಆ ಮೊಬೈಲನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದು ನನ್ನ ಮುಂದಿಟ್ಟರು. ನಾನು ಓದಿ ಹೇಳುತ್ತಿದ್ದಂತೆ ಅವರ ಮುಖ ಬಾಡಿತು. ಮನೆಯಲ್ಲಿ ಮಕ್ಕಳೇ ಇಲ್ಲದ ಇಬ್ಬರು ಮುದುಕರಿಗೆ ಚಿಣ್ಣರ ಪಾಠ. "ಮೈ ನೇ ತೋ ಖಾಲೀ ಹೌದು ಬೋಲಾ," ಎಂದರು. ಬರೀ ಹೌದು ಎಂದೆ ಅಷ್ಟೇ. ಅಳಬೇಕೋ ನಗಬೇಕೋ ತಿಳಿಯದೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವರು ಕಾಕುವೇ.

ಹುಬ್ಬಳ್ಳಿಯ ಹುಡುಗಿಗೆ ಹೇಳಿದರೆ ಅವಳು ಪಾಪ ಮರುಗಿದಳು. "ಕರಾರು ಮುರಿಯೂದು ನಮ್ಮ ಕೈಯಾಗ ಇಲ್ರೀ ಅಮ್ಮಾ. ಅದಕ್ಕ ಬ್ಯಾರೇ ಡಿಪಾರ್ಟ್‌ಮೆಂಟ್ ಐತಿ." ಆ ಡಿಪಾರ್ಟ್‌ಮೆಂಟಿಗೆ ಮಾತಾಡಿದರೆ ಅವರು ಕರಾರು ಮುರಿಯುವ ಬದಲು ಇನ್ನೂ ಒಳ್ಳೆಯ ಕರಾರು ಕೊಡಲು ಬರುತ್ತಿದ್ದರು. ಒಬ್ಬರು ಫೋನು ಸೇರಿಸಿ ಕೊಡುತ್ತೇವೆ ಎಂದರು. ಇನ್ನೊಬ್ಬರು ನೀವು ಬಿಟ್ಟುಹೋಗುವುದು ನಮಗೆ ಬಹಳ ನೋವಿನ ಸಂಗತಿ ಎಂದರು. ಕಾಕುವಿಗೆ ಪಾಪ ಅನ್ನಿಸಿ ಮತ್ತೆ ‘ಹೌದು’ ಎಂದುಬಿಟ್ಟಾರೆಂದು ಅತ್ತೆ ಅವರ ಕೈಯಿಂದ ಫೋನು ಕಿತ್ತುಕೊಂಡರು.

ಈ ನಡುವೆ ಕಾಕುವಿನ ಮನೆಯಲ್ಲಿ ಬೇರೆಯೇ ನಡೆದಿತ್ತು. ಒಂದು ದಿನ ಸಾರು ಕೊಡಲು ಹೋದಾಗ ಕಾಕಾ ಕಂಪ್ಯೂಟರಿನ ಮುಂದೆ ಕನ್ನಡಕ ಹಾಕಿ ಕೂತಿದ್ದರು. ಪರದೆಯ ಮೇಲೆ ಒಂದು ಬೊಂಬೆ ಆನೆ "ಅ, ಅರಸ. ಆ, ಆನೆ," ಎಂದು ಹೇಳಿಕೊಡುತ್ತಿತ್ತು. ಕಾಕಾ ತುಟಿಯಲ್ಲೇ ಅದನ್ನು ಹೇಳುತ್ತಿದ್ದರು. ನನ್ನನ್ನು ಕಂಡು ಶಾಲೆಯ ಹುಡುಗನಂತೆ ನಾಚಿ, ಆನೆಯ ದನಿ ತಗ್ಗಿಸಿದರು.

ಅತ್ತೆ ಬಿಡಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಅವರು ಹುಬ್ಬಳ್ಳಿಯಿಂದ ಹತ್ತುತ್ತಾ ಹತ್ತುತ್ತಾ ಬೆಂಗಳೂರಿನ ಒಬ್ಬ ಸೂಪರ್‌ವೈಸರ್‌ವರೆಗೆ ತಲುಪಿದರು. ಫೋನಿನ ದನಿಯನ್ನು ಹೊರಗೆ ಬಿಟ್ಟು ಟೀಪಾಯಿಯ ನಡುವೆ ಇಟ್ಟಿದ್ದೆವು. ಸುತ್ತ ಅತ್ತೆ, ಕಾಕು, ಕಾಕಾ, ನಾನು, ಮಗಳು, ಮತ್ತು ಬೇರೆ ಏನೂ ಕೆಲಸವಿಲ್ಲದ್ದಕ್ಕೆ ಬಂದಿದ್ದ ಗುಜರಾತಿ ಭಾಯಿ.

"ನೋಡಿ ಅಮ್ಮ, ಅವರು ಒಪ್ಕೊಂಡಿರೋದು ರೆಕಾರ್ಡ್ ಆಗಿದೆ," ಎಂದರು ಸೂಪರ್‌ವೈಸರ್. ತಾಳ್ಮೆಯ ದನಿ. "ಕನ್ನಡದಲ್ಲೇ ಒಪ್ಕೊಂಡಿದಾರೆ."

"ಅವರಿಗೆ ಕನ್ನಡ ಬರುವುದಿಲ್ಲ ಮಾರಾಯರೇ."

"ಬರ್ದೇ ಇರೋರು ಕನ್ನಡದ ಲೈನಿಗೆ ಯಾಕಮ್ಮ ಕಾಲ್ ಮಾಡ್ತಾರೆ?"

ಅತ್ತೆ ಫೋನನ್ನು ಕಾಕುವಿನ ಕಡೆ ಸರಿಸಿದರು. "ಅವರು ಇಲ್ಲೇ ಕೂತಿದ್ದಾರೆ. ನೀವೇ ಮಾತಾಡಿ ನೋಡಿ," ಎಂದರು.

ಹೀಗೆ ನಮ್ಮ ಹಾಲಿನಲ್ಲಿ ಕಾಕುವಿನ ಕನ್ನಡ ಪರೀಕ್ಷೆ ಶುರುವಾಯಿತು. ಫೇಲಾದರೆ ಗೆದ್ದಂತೆ. ಅತ್ತೆ ಕಾಕುವಿಗೆ ಸನ್ನೆಯಲ್ಲಿ ತಾಕೀತು ಮಾಡಿದರು: ಏನು ಕೇಳಿದರೂ ತಿಳಿಯಲಿಲ್ಲ ಎನ್ನಬೇಕು.

"ಅಮ್ಮ, ನಿಮ್ಮ ಊರು ಯಾವ್ದು?"

ಕಾಕುವಿನ ಕಣ್ಣು ಮಿನುಗಿತು. ಅವರಿಗೆ ಉತ್ತರ ಗೊತ್ತಿದೆ ಎಂದು ನಮಗೆಲ್ಲ ಕಂಡಿತು. ಇಷ್ಟು ತಿಂಗಳು ದಿನವೂ ಆ ಸೋಫಾದ ಮೇಲೆ ಕೂತು ಕೇಳಿದವರಲ್ಲವೇ. ಅವರು ತುಟಿ ಕಚ್ಚಿ, "ಕಾಯ್?" ಎಂದರು.

"ನಿಮ್ಮನೇಲಿ ಎಷ್ಟು ಜನ ಇದೀರ?"

"ಸಮಜ್ಲಂ ನಾಹಿ," ಎಂದರು ಕಾಕು. ಅವರ ಬೆರಳುಗಳು ತಾವಾಗಿಯೇ ಎರಡೆಂದು ತೋರಿಸಿದ್ದವು. ಫೋನಿಗೆ ಅದು ಕಾಣುವಂತಿರಲಿಲ್ಲ.

"ಈಗಿನ ಸ್ಪೀಡ್ ನಿಮಗೆ ಸಾಕಾಗ್ತಿದ್ಯಾ?"

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು. ನನ್ನ ಮಗಳು ದಿಂಬಿನಲ್ಲಿ ಮುಖ ಹುದುಗಿಸಿದ್ದಳು. ಭಾಯಿ ಚಾವಣಿ ನೋಡುತ್ತಿದ್ದರು.

"ಸರಿ ಬಿಡಿ," ಎಂದು ಸೂಪರ್‌ವೈಸರ್ ನಿಟ್ಟುಸಿರಿಟ್ಟರು. "ನಿಜವಾಗ್ಲೂ ಬರಲ್ಲ ಅನ್ಸುತ್ತೆ. ನಾನು ಮೇಲಿನವರಿಗೆ ಬರೀತೀನಿ. ತೊಂದರೆ ಕೊಟ್ಟೆ ಅಮ್ಮ, ಮಧ್ಯಾಹ್ನದ ಹೊತ್ತು. ಊಟ ಆಯ್ತಾ?"

"ಆತ್ರೀ. ನಿಮ್ದು ಆತೇನ್ರೀ?" ಎಂದರು ಕಾಕು.

ಕಾಕು ತಮ್ಮ ಬಾಯಿಂದ ಹೊರಟದ್ದನ್ನು ತಾವೇ ನಂಬದವರಂತೆ ಅತ್ತೆಯನ್ನು ನೋಡಿದರು. ಮೊದಲು ಭಾಯಿಯ ಹೊಟ್ಟೆ ಕುಲುಕಲು ತೊಡಗಿತು. ಆಮೇಲೆ ಮಗಳು ಸೋಫಾದಿಂದ ಜಾರಿ ಕೆಳಗೆ ಬಿದ್ದಳು. ನಾನು ಗೋಡೆ ಹಿಡಿದುಕೊಂಡೆ. ಫೋನಿನೊಳಗಿಂದ ಗುಟುರಿನಂತೆ ಒಂದು ಸದ್ದು ಬಂತು. ಲೈನು ಕೆಟ್ಟಿತೇನೋ ಎಂದುಕೊಂಡೆವು. ಅದು ಸೂಪರ್‌ವೈಸರ್ ನಗು ತಡೆಯುತ್ತಿದ್ದ ಸದ್ದು.

"ಅಮ್ಮ, ಇವರು ಡೊಂಬಿವಲಿಯವರಾ, ಧಾರವಾಡದವರಾ?" ಎಂದರು ಕೊನೆಗೆ.

ಅತ್ತೆ ಫೋನನ್ನು ಹತ್ತಿರ ಎಳೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವತ್ತು ಅವರಿಗೆ ಎರಡೇ ಮಾತು ಬರುತ್ತಿತ್ತು. ಈಗ ನಾಲ್ಕು ಬರುತ್ತದೆ. ಕಲಿಸಿದ್ದು ನಿಮ್ಮದೇ ಹುಬ್ಬಳ್ಳಿಯ ಹುಡುಗಿ. ನಿಮ್ಮ ನೆಟ್ಟು ಇಷ್ಟು ಸಲ ಹೋಗದಿದ್ದರೆ ಇವರು ಕಲಿಯುತ್ತಲೂ ಇರಲಿಲ್ಲ. "ನೀವು ಆ ರೆಕಾರ್ಡು ಒಮ್ಮೆ ಕಿವಿಯಿಟ್ಟು ಕೇಳಿ. ಆಮೇಲೂ ಅದು ಕರಾರು ಅಂತ ಹೇಳುವುದಾದರೆ ನಾವು ಸುಮ್ಮನೆ ಕೂರುತ್ತೇವೆ."

ಅವರು ಒಪ್ಪಿ, ಕಾಯಿಸುವ ಹಾಡು ಹಾಕಿ ಹೋದರು. ಮಗಳಿಗೆ ಅಷ್ಟು ಸಾಕಾಯಿತು. ನೆಲದಿಂದ ಎದ್ದು ತನ್ನ ಹೆಜ್ಜೆ ಹಾಕತೊಡಗಿದಳು. ಕಾಕುವನ್ನು ಕೈಹಿಡಿದು ಎಬ್ಬಿಸಿದಳು. ಕಾಕು ಫುಗಡಿ ಕುಣಿತಕ್ಕೆ ಸುತ್ತುವಂತೆ ಒಂದು ಸುತ್ತು ಸುತ್ತಿ ಏದುಸಿರು ಬಿಟ್ಟರು. ಅತ್ತೆ ಕೂತಲ್ಲೇ ತೊಡೆ ತಟ್ಟಿದರು. ಕಾಕಾ ಮಾತ್ರ ಫೋನನ್ನೇ ನೋಡುತ್ತಾ, ಸಿಗ್ನಲ್ಲಿಗೆ ಕಾಯುವವರಂತೆ, ಮುಂದಕ್ಕೆ ಬಾಗಿ ಕೂತಿದ್ದರು.

ಹಾಡು ನಿಂತಿತು. ಎಲ್ಲರೂ ಇದ್ದಲ್ಲೇ ನಿಂತೆವು.

"ಕೇಳ್ದೆ ಅಮ್ಮ," ಎಂದರು ಸೂಪರ್‌ವೈಸರ್. ದನಿ ಇನ್ನೂ ನೆಟ್ಟಗಾಗಿರಲಿಲ್ಲ. "ನಮ್ಮ ಹುಡುಗಿ ಹೆಸರು ಕೇಳಿದಾಳೆ, ಇವರು ಹೌದು ಅಂದಿದಾರೆ. ಒಂದು ವರ್ಷದ್ದಾ ಎರಡು ವರ್ಷದ್ದಾ ಅಂದ್ರೆ ಹೌದು. ಮಗುಗೆ ಎಷ್ಟು ವಯಸ್ಸು ಅಂದ್ರೂ ಹೌದು. ಕೊನೇಲಿ, ಇನ್ನೇನಾದ್ರೂ ಸಹಾಯ ಬೇಕಾ ಅಂದ್ರೆ, ನೆಟ್ ಬರ್ತಾ ಇಲ್ಲ ಅಂದಿದಾರೆ. ಇದನ್ನ ಕರಾರು ಅಂತ ನಾನು ಯಾರಿಗೂ ತೋರಿಸೋ ಹಾಗಿಲ್ಲ. ಹೊಸ ಪ್ಲಾನ್ ತೆಗೀತೀನಿ, ಹಳೇದೇ ಇರುತ್ತೆ. ದಂಡ ಗಿಂಡ ಏನೂ ಇಲ್ಲ."

ಅತ್ತೆ ಅದನ್ನು ಹಿಂದಿಗೆ ತಿರುಗಿಸುವ ಮೊದಲೇ ಕಾಕು ಕೈಮುಗಿದಿದ್ದರು. ಭಾಯಿ ತಮ್ಮದೇ ಕೇಸು ಗೆದ್ದವರಂತೆ ನನ್ನ ಗಂಡನಿಗೆ ಅಂಬರನಾಥಕ್ಕೆ ಫೋನು ಹಚ್ಚಲು ಹೊರಟರು. ಆಗ ಕಾಕಾ ಕೆಮ್ಮಿದರು. ಎಲ್ಲರೂ ಅವರತ್ತ ತಿರುಗಿದೆವು. ಅವರು ಅತ್ತೆಯ ಕಡೆ ನೋಡುತ್ತಾ ಮೆಲ್ಲಗೆ ಮರಾಠಿಯಲ್ಲಿ ಕೇಳಿದರು, ಕರಾರು ಹೋಗಲಿ, ಆ ಆನೆಯ ಪಾಠವೊಂದನ್ನು ಇರಲು ಬಿಡುತ್ತಾರೆಯೇ. ತಾನಿನ್ನೂ ‘ಳ’ದವರೆಗೆ ಹೋಗಿಲ್ಲ.

ಅತ್ತೆ ಅದನ್ನು ಅಕ್ಷರವೂ ಬಿಡದೆ ಬೆಂಗಳೂರಿಗೆ ತಲುಪಿಸಿದರು. ಸೂಪರ್‌ವೈಸರ್ ಈ ಸಲ ನಗು ತಡೆಯಲು ನೋಡಲಿಲ್ಲ. ಪಾಠ ಮುಗಿಯುವವರೆಗೆ ಇರಲಿ, ಅದು ತನ್ನ ಕಡೆಯಿಂದ, ಎಂದರು.

ಕಂಪನಿಯ ಜೊತೆಗಿನ ನಮ್ಮ ಸುಖದ ದಿನಗಳು ಹೆಚ್ಚು ಬಾಳಲಿಲ್ಲ. ಭಾಯಿ ಈ ಕಥೆಯನ್ನು ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹೇಳಿದರು. ನನ್ನ ಗಂಡ ಅಂಬರನಾಥದಲ್ಲಿ ಚಹಾ ಕುಡಿಯಲು ಬಂದವರಿಗೆಲ್ಲ ಹೇಳಿದರು. ನಾನು ಲೇಡೀಸ್ ಡಬ್ಬಿಯಲ್ಲಿ ಹೇಳಿದೆ. ಕನ್ನಡ ಬರುವವರು, ಕನ್ನಡ ಬರುವವರ ಪಕ್ಕದ ಮನೆಯವರು, ಎಲ್ಲರೂ ಏಳನ್ನು ಒತ್ತತೊಡಗಿದರು. ಒಂದು ದಿನ ಅತ್ತೆ ಏಳು ಒತ್ತಿದರೆ ಕಾಯಿಸುವ ಹಾಡು ಬಂತು. ಸ್ವಲ್ಪ ಹೊತ್ತು ಕೇಳಿ ಫೋನಿಟ್ಟರು.

"ಗಿರಾಕಿ ಜಾಸ್ತಿಯಾದರು," ಎಂದರು. ಗಲ್ಲಾದ ಮೇಲೆ ಕೂತವರಿಗೆ ಅದರಲ್ಲಿ ಬೇಸರವೇನೂ ಕಾಣಲಿಲ್ಲ. ಹುಬ್ಬಳ್ಳಿಯ ಹುಡುಗಿಗೆ ಮದುವೆ ಗೊತ್ತಾಗಿ ಅವಳು ಕೆಲಸ ಬಿಡುವ ಮೊದಲು ಒಮ್ಮೆ ಅವಳಾಗಿಯೇ ಫೋನು ಮಾಡಿ ಅತ್ತೆಯ ಆಶೀರ್ವಾದ ಕೇಳಿದಳು. ವರ್ಷ ತುಂಬಿದ ಮೇಲೆ ನಾವು ಕಂಪನಿ ಬದಲಿಸಿದೆವು.

ಮರುವರ್ಷ ಅತ್ತೆಯ ತಮ್ಮನ ಮಗಳಿಗೆ ಉಡುಪಿಯಲ್ಲಿ ಮದುವೆ. ಕಾಕು, ಕಾಕಾ ಇಬ್ಬರೂ ನಮ್ಮ ಜೊತೆ ಹೊರಟರು. ಥಾಣೆಯಿಂದ ರಾತ್ರಿಯ ಗಾಡಿ. ಕಾಕು ದಾರಿಯುದ್ದಕ್ಕೂ ಕನ್ನಡದಲ್ಲಿ ಯಾರ ಜೊತೆ ಏನು ಮಾತಾಡಬೇಕೆಂದು ನನ್ನೊಡನೆ ಅಭ್ಯಾಸ ಮಾಡಿದರು. ಕಾಕಾ ಕಿಟಕಿಗೆ ಮೂಗು ಹಚ್ಚಿ, ಕನ್ನಡ ನಾಡು ಬಂದ ಮೇಲೆ ಪ್ರತಿ ಸ್ಟೇಷನ್ನಿನ ಹೆಸರನ್ನೂ ಕೂಡಿಸಿ ಕೂಡಿಸಿ ಓದಿದರು.

ಮದುವೆಯ ಹಾಲಿನಲ್ಲಿ ಮಾತ್ರ ಕಾಕು ಕಂಗಾಲಾದರು. ನೆಂಟರೆಲ್ಲ ಅವರನ್ನು ಸುತ್ತುಗಟ್ಟಿ ಪ್ರೀತಿಯಿಂದ ಏನೇನೋ ಕೇಳುತ್ತಿದ್ದಾರೆ, ಇವರಿಗೆ ಒಂದು ಅಕ್ಷರವೂ ಹತ್ತುತ್ತಿಲ್ಲ. ಇಷ್ಟು ಕಾಲ ನಮ್ಮ ಮನೆಯಲ್ಲಿ ಕೇಳಿದ್ದೆಲ್ಲ ಒಂದೇ ಭಾಷೆ ಎಂದುಕೊಂಡಿದ್ದರು. ಅತ್ತೆಯನ್ನು ಕಂಬದ ಮರೆಗೆ ಎಳೆದುಕೊಂಡು ಹೋಗಿ ಕೇಳಿದರು: "ಅಮ್ಮಾ, ಇದು ಯಾವ ಕನ್ನಡಾರೀ?"

"ಇದು ಕನ್ನಡ ಅಲ್ಲ. ತುಳು."

"ಮತ್ತ ನನಗ್ಯಾಕ ಕಲಸಲಿಲ್ರೀ?"

"ನೆಟ್ಟಿನ ಕೆಲಸಕ್ಕೆ ಅದು ಬೇಕಾಗುವುದಿಲ್ಲ," ಎಂದರು ಅತ್ತೆ.

ಊಟಕ್ಕೆ ಕೂತಾಗ ಪಾಯಸ ಬಂತು. ಬಡಿಸುವವರು ಕಾಕುವಿನ ಎಲೆಗೆ ಒಂದು ಸೌಟು ಹಾಕಿದರು. ಕಾಕು ಸಾಕೆಂದು ಕೈ ಅಡ್ಡ ಹಿಡಿದರು. ದೂರದ ನೆಂಟರ ಸಂಕೋಚ ಎಂದುಕೊಂಡು ಅವರು ಕೈಯ ಪಕ್ಕದಿಂದ ಇನ್ನೊಂದು ಸೌಟು ಹಾಕಿದರು. ಪಾಯಸ ಎಲೆಯ ಅಂಚಿಗೆ ಹರಿಯತೊಡಗಿತು. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಕಾಕುವಿನ ಮೊಣಕೈ ತಿವಿದು, "ಯಾವು ಪನ್ಲೆ," ಎಂದರು. ‘ಯಾವು’, ಸಾಕು, ಅನ್ನಿ ಎಂದು.

"ಯಾವು ಯಾವು," ಎಂದರು ಕಾಕು. ಸೌಟು ಗಾಳಿಯಲ್ಲೇ ನಿಂತಿತು. ಬಡಿಸುವವರು ನಕ್ಕು ಮುಂದೆ ಹೋದರು. ಕಾಕುವಿನ ಮುಖ ಅರಳಿತು. ಅವರು ಎದುರು ಸಾಲಿನಲ್ಲಿದ್ದ ಕಾಕಾಗೆ ಆ ಶಬ್ದವನ್ನು ದಾಟಿಸಲು ಸನ್ನೆ ಮಾಡಿದರು. ಕಾಕಾ ನೋಡಲಿಲ್ಲ. ಅವರು ಆಗಲೇ ಎರಡನೇ ಸಲ ಪಾಯಸ ಹಾಕಿಸಿಕೊಂಡು, ಎಲೆಯ ಮೇಲೆ ಬಾಗಿ, ಮಾತಿಲ್ಲದೆ ಸುರಿದು ಉಣ್ಣುತ್ತಿದ್ದರು.